ಬೆಳಕಿನ ಉಪಾಸಕ ಸರ್ ಸಿ. ವಿ. ರಾಮನ್

ಫತೇಗಂಜಿನಲ್ಲಿ ಬೆಳೆಯುತ್ತಿರುವ ಕನ್ನಡದ ಮಕ್ಕಳಾದ ನಮಗೆ ಸರ್ ಸಿ. ವಿ. ರಾಮನ್ ಅವರು ಎರಡು ಬಗೆಯಲ್ಲಿ ಆಪ್ತರು. ಅವರು ಬಾಳಿನ ಕೊನೆಯ 37 ವರ್ಷಗಳನ್ನು ಕಳೆದುದು ಬೆಂಗಳೂರಿನಲ್ಲಿ. ನಮ್ಮ ವಡೋದರೆಗೆ ಸಮೀಪದ ಅಹಮದಾಬಾದಿನಲ್ಲಿರುವ ಭೌತಿಕ ಸಂಶೋಧನಾಲಯದ ಕಟ್ಟಡಕ್ಕೆ 1952ರಲ್ಲಿ ಅಸ್ತಿಭಾರವನ್ನಿಟ್ಟವರೂ ಅವರೇ.

ಚಂದ್ರಶೇಖರ ವೆಂಕಟರಾಮನ್ ಅವರು 1888ನೆಯ ಇಸವಿ ನವೆಂಬರ್ 7ರಂದು ತಿರುಚಿರಾಪಳ್ಳಿಯಲ್ಲಿ ಜನಿಸಿದರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ವ್ಯಾಸಂಗ ಮುಗಿಸಿ, 1907ರಲ್ಲಿ ಸರಕಾರದ ಹಣಕಾಸಿನ ಇಲಾಖೆಯ ಅಧಿಕಾರಿಯಾಗಿ ಕಲಕತ್ತೆಗೆ ತೆರಳಿದರು. ಹಗಲೆಲ್ಲ ಕಚೇರಿಯ ಲೆಕ್ಕಪತ್ರ, ಬಿಡುವಿನಲ್ಲೆಲ್ಲ ಪ್ರಯೋಗಶಾಲೆ. 1917ರಲ್ಲಿ ಹೆಚ್ಚು ಸಂಬಳದ ಆ ಹುದ್ದೆಯನ್ನು ತೊರೆದು, ಕಡಿಮೆ ಸಂಬಳದ ಪ್ರಾಧ್ಯಾಪಕ ಪದವಿಯನ್ನು ಸ್ವೀಕರಿಸಿದರು.

1921ರಲ್ಲಿ ಇಂಗ್ಲೆಂಡಿನಿಂದ ಹಡಗಿನಲ್ಲಿ ಹಿಂದಿರುಗುವಾಗ ಮೆಡಿಟರೇನಿಯನ್ ಸಮುದ್ರದ ಗಾಢ ನೀಲಿಯು ಅವರ ಮನಸ್ಸನ್ನು ಸೆಳೆಯಿತು. ಅದು ಆಕಾಶದ ಪ್ರತಿಬಿಂಬವೆಂಬುದು ಅಂದಿನ ನಂಬಿಕೆ. ನೀರಿನ ಅಣುಗಳೇ ಬೆಳಕನ್ನು ಚೆದರಿಸುವುದರಿಂದ ಆ ನೀಲಿ ತೋರುವುದೆಂದು ರಾಮನ್ ತಿಳಿಸಿದರು.

1923ರಲ್ಲಿ ಅವರ ಶಿಷ್ಯರಾದ ಕೆ. ಆರ್. ರಾಮನಾಥನ್ ಅವರಿಗೆ, ದ್ರವಗಳಲ್ಲಿ ಚೆದರಿದ ಬೆಳಕನ್ನು ಪರೀಕ್ಷಿಸುವಾಗ, ಹಾಯಿಸಿದ ಬಣ್ಣವಲ್ಲದ ಬೇರೊಂದು ಬಣ್ಣದ ಅತಿ ಮಂದವಾದ ಬೆಳಕು ಕಂಡಿತು. ಇದು ದ್ರವದೊಳಗಿನ ಕಲ್ಮಷದ ಫಲವೆಂದು ತೋರಿತು. ಆದರೆ ಎಷ್ಟು ಶುದ್ಧಿಮಾಡಿದರೂ ಅದು ಅಳಿಯಲಿಲ್ಲ. ಕಲ್ಮಷವೆಂದೇ ಕೈಬಿಟ್ಟಿದ್ದರೆ ಒಂದು ಮಹತ್ತ್ವದ ಸತ್ಯವು ಕೈತಪ್ಪಿಹೋಗುತ್ತಿತ್ತು. ರಾಮನ್ ಕೈಬಿಡಲಿಲ್ಲ. ಕೆ. ಎಸ್. ಕೃಷ್ಣನ್ ಅವರ ನೆರವಿನಿಂದ, ಸರಳವಾದ ಉಪಕರಣಗಳನ್ನೇ ಬಳಸಿ, 1928ರ ಫೆಬ್ರವರಿ 28ರಂದು ಅದರ ನಿಜವನ್ನು ಕಂಡುಕೊಂಡರು. ಅಣುವಿಗೆ ತಾಗಿದ ಬೆಳಕಿನಲ್ಲಿ ಅತ್ಯಲ್ಪ ಭಾಗವು ತನ್ನ ಶಕ್ತಿಯಲ್ಲಿ ಒಂದಂಶವನ್ನು ಅಣುವಿಗೆ ಕೊಟ್ಟು, ಕೆಂಪಿನ ಕಡೆಗೆ ಸರಿದು ಹೊರಬರುತ್ತದೆ. ಇದೇ ರಾಮನ್ ಪರಿಣಾಮ. ಇದಕ್ಕಾಗಿ 1930ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ರಾಮನಾಥನ್ ಅವರು ಮುಂದೆ ಅಹಮದಾಬಾದಿನ ಸಂಶೋಧನಾಲಯದ ಮೊದಲ ನಿರ್ದೇಶಕರಾದರು.

1933ರಲ್ಲಿ ರಾಮನ್ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ನಿರ್ದೇಶಕರಾಗಿ ಬಂದರು. ಅಹಮದಾಬಾದಿನ ವಿಕ್ರಮ್ ಸಾರಾಭಾಯಿ ಅವರು ಅಲ್ಲಿಯೇ ಇವರ ಮಾರ್ಗದರ್ಶನ ಪಡೆದರು. 1948ರಲ್ಲಿ ರಾಮನ್ ತಮ್ಮದೇ ಸಂಶೋಧನಾ ಸಂಸ್ಥೆಯನ್ನು ಬೆಂಗಳೂರಿನಲ್ಲಿ ಕಟ್ಟಿದರು. 1954ರಲ್ಲಿ ಭಾರತರತ್ನ ಪ್ರಶಸ್ತಿ ಅವರನ್ನು ಅರಸಿಬಂದಿತು. 1970ರ ನವೆಂಬರ್ 21ರಂದು ದಿವಂಗತರಾದರು.

ಅದೇ ವರ್ಷ ಅಮೆರಿಕದಲ್ಲಿ, ಬೆಳಕನ್ನು ಬಹುದೂರ ಒಯ್ಯಬಲ್ಲ ಕೂದಲೆಳೆಯಂಥ ಗಾಜಿನ ತಂತು ಸಿದ್ಧವಾಯಿತು. ಇಂದು ದೂರವಾಣಿಯ ಮಾತೂ ಅಂತರ್ಜಾಲದ ಸುದ್ದಿಯೂ ಹರಿಯುವುದು ಇಂಥ ತಂತುಗಳಲ್ಲಿಯೇ. ಸಮುದ್ರದಲ್ಲಿ ಒಮ್ಮೊಮ್ಮೆ ಮುನ್ಸೂಚನೆಯಿಲ್ಲದೆ ರಕ್ಕಸ ಅಲೆ ಏಳುವುದುಂಟು. 1995ರ ಜನವರಿ 1ರಂದು ಯೂರೋಪಿನ ಉತ್ತರ ಸಮುದ್ರದಲ್ಲಿ ಸುಮಾರು 26 ಮೀಟರು ಎತ್ತರದ ಅಲೆಯೊಂದನ್ನು ಅಳೆದರು. ಬೆಳಕಿನಲ್ಲಿಯೂ ಇಂಥ ಅಲೆಗಳುಂಟೆಂದು 2007ರಲ್ಲಿ ಕ್ಯಾಲಿಫೋರ್ನಿಯದ ವಿಜ್ಞಾನಿಗಳು ತೋರಿಸಿದರು. ಪ್ರಬಲವಾದ ಬೆಳಕಿನ ಮಿಡಿತಗಳನ್ನು ತಂತುವಿನಲ್ಲಿ ಹಾಯಿಸಿದಾಗ, ಆರಂಭದ ಅತ್ಯಲ್ಪ ವ್ಯತ್ಯಾಸವೇ ಬೆಳೆದು, ಅಪರೂಪಕ್ಕೆ ಒಂದು ಮಿಡಿತ ಮಿಕ್ಕವುಗಳನ್ನೆಲ್ಲ ಮೀರಿಸುತ್ತದೆ. ಅದು ರಾಮನ್ ಪರಿಣಾಮದಿಂದ ದೀರ್ಘ ತರಂಗಗಳ ಕಡೆಗೆ ಬಹಳವಾಗಿ ಸರಿಯುತ್ತದೆ. ಆ ದೂರದ ತರಂಗಗಳನ್ನಷ್ಟೇ ಸೋಸಿ ನೋಡಿದುದರಿಂದ ರಕ್ಕಸ ಅಲೆ ಕಣ್ಣಿಗೆ ಬಿದ್ದಿತು.

ವಿದ್ಯಾರ್ಥಿಮಿತ್ರರೇ, ಪ್ರಯೋಗಶಾಲೆಯಲ್ಲಿ ನಮ್ಮ ಎಣಿಕೆಗೆ ಒಗ್ಗದುದೊಂದು ಕಂಡರೆ, ದೋಷವೆಂದು ಅಳಿಸಿಹಾಕುವ ಮೊದಲು ಮತ್ತೊಮ್ಮೆ ಪರೀಕ್ಷಿಸೋಣ. ರಾಮನ್ ಅವರಿಗೆ ನಾವು ಸಲ್ಲಿಸಬಹುದಾದ ಗೌರವ ಇದೇ.