ಗೋಡೆಯ ಮೇಲಿನ ವಿಶ್ವೇಶ್ವರಯ್ಯನವರು

ನಾನು ಎಂಟನೇ ತರಗತಿಗೆ ಸೇರಿದಾಗ ಹೆಡ್ ಮಾಸ್ಟರ ಕೊಠಡಿಯ ಗೋಡೆಯಲ್ಲಿ ಮೈಸೂರು ಪೇಟ ಧರಿಸಿದ ಸರ್ ಎಂ. ವಿಶ್ವೇಶ್ವರಯ್ಯನವರ ಪಟವಿತ್ತು. ತಡವಾಗಿ ಬಂದವರನ್ನು ಅದರ ಕೆಳಗೇ ನಿಲ್ಲಿಸುತ್ತಿದ್ದರು. ಹಾಗೆ ನಾನೂ ಹಲವು ಸಲ ನಿಂತವನು. ಮುಂದೆ ನೀರಾವರಿ ಕೆಲಸದಲ್ಲೇ ಮೂವತ್ತೆರಡು ವರ್ಷ ಕಳೆದೆ.

ಮುದ್ದೇನಹಳ್ಳಿಯ ಆ ಹುಡುಗ ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡು, ಬೆಂಗಳೂರಿನಲ್ಲಿ ಮನೆಪಾಠ ಹೇಳಿಕೊಂಡೇ 1881ರಲ್ಲಿ ಬಿ.ಎ. ಮುಗಿಸಿದ್ದು, ಪುಣೆಗೆ ಹೋಗಿ ಎಂಜಿನಿಯರಾದದ್ದು, ಖಡಕವಾಸ್ಲಾ ಜಲಾಶಯಕ್ಕೆ ಸ್ವಯಂಚಾಲಿತ ಬಾಗಿಲು ಅಳವಡಿಸಿದ್ದು ನಮಗೆಲ್ಲ ಪಾಠದಲ್ಲೇ ಬಂದಿತ್ತು. ಪಾಠದಲ್ಲಿ ಬಾರದ ಒಂದು ಸಂಗತಿ ನನಗೆ ತಿಳಿದದ್ದು ಕೆಲಸಕ್ಕೆ ಸೇರಿದ ಮೇಲೆ.

1909ರಲ್ಲಿ ಅವರು ಮೈಸೂರಿನ ಮುಖ್ಯ ಎಂಜಿನಿಯರಾದರು. ಕನ್ನಂಬಾಡಿಯಲ್ಲಿ ಸುಮಾರು 41.5 ಟಿಎಂಸಿ ನೀರು ನಿಲ್ಲಿಸುವ ಕಟ್ಟೆ ಬೇಕೆಂದು ಅವರ ಲೆಕ್ಕ. ಹಣಕಾಸಿನವರು ಇಷ್ಟು ಖರ್ಚಿಗೆ ಒಪ್ಪಲಿಲ್ಲ. ಕೊನೆಗೆ 1911ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು 81 ಲಕ್ಷ ರೂಪಾಯಿಗೆ ಮಂಜೂರಾತಿ ಕೊಟ್ಟರು. ಅಷ್ಟರಲ್ಲಿ ಮದರಾಸಿನವರ ತಕರಾರು. ಒಪ್ಪಿಗೆ ಸಿಕ್ಕಿದ್ದು 11 ಟಿಎಂಸಿಯ ಚಿಕ್ಕ ಕಟ್ಟೆಗೆ ಮಾತ್ರ. ಆದರೂ ಅಡಿಪಾಯವನ್ನು ಮಾತ್ರ ದೊಡ್ಡ ಕಟ್ಟೆಗೆ ಬೇಕಾದಷ್ಟೇ ಅಗಲಕ್ಕೆ ಹಾಕಿಸಿದರು. ಮುಂದೆ ಒಪ್ಪಿಗೆ ಬಾರದಿದ್ದರೆ ಆ ಕಲ್ಲು, ಗಾರೆ, ಕೂಲಿಯೆಲ್ಲ ದಂಡ. ಚಿಕ್ಕ ಅಡಿಪಾಯ ಹಾಕಿಬಿಟ್ಟಿದ್ದರೆ ಆಮೇಲೆ ಒಪ್ಪಿಗೆ ಬಂದರೂ ಅದರ ಮೇಲೆ ಎತ್ತರಿಸಲಾಗುತ್ತಿರಲಿಲ್ಲ. ಮದರಾಸಿನೊಡನೆ ಪೂರ್ತಿ ಒಪ್ಪಂದವಾದದ್ದು 1924ರಲ್ಲಿ. ಮಂಡ್ಯದ ಕಡೆ ಗದ್ದೆ ಮಾಡುವ ನಾವು ಇಂದಿಗೂ ಉಣ್ಣುತ್ತಿರುವುದು ಆ ಅಡಿಪಾಯದ ಮೇಲೆಯೇ. ಹಾಗೆಂದು ಎಲ್ಲರಿಗೂ ಸುಖವಾಯಿತೆನ್ನಲಾರೆ. ಹಳೆಯ ಕನ್ನಂಬಾಡಿ ನೀರಿನಡಿ ಹೋಯಿತು. ನಮ್ಮಜ್ಜಿಯ ತವರೂ ಆ ಹಿನ್ನೀರಿನಲ್ಲೇ ಇದೆ.

ನನ್ನದೂ ಒಂದು ಹೇಳಬೇಕು. ಕಿರಿಯ ಎಂಜಿನಿಯರಾಗಿದ್ದಾಗ ಒಂದು ಸಂಜೆ ನಾಲೆಯ ಏರಿಯಲ್ಲಿ ನೀರು ಜಿನುಗುತ್ತಿದೆಯೆಂದು ಸೌಡಿ ಬಂದು ಹೇಳಿದ. ತೂಬು ಇಳಿಸಿದರೆ ಕೆಳಗಿನವರು ಜಗಳಕ್ಕೆ ಬಂದಾರೆಂದು ಮೇಲಿನವರ ಲಿಖಿತ ಆದೇಶಕ್ಕೆ ಕಾದೆ. ರಾತ್ರಿ ಏರಿ ಒಡೆದು ಮೂರು ಮನೆಯವರ ನಾಟಿ ಕೊಚ್ಚಿಹೋಯಿತು. ಆದೇಶ ಬಂದದ್ದು ಮರುದಿನ ಹನ್ನೊಂದಕ್ಕೆ.

1912ರಿಂದ ಆರು ವರ್ಷ ಅವರು ದಿವಾನರಾಗಿದ್ದರು. ಮೈಸೂರು ಬ್ಯಾಂಕು, 1916ರಲ್ಲಿ ವಿಶ್ವವಿದ್ಯಾನಿಲಯ, ಎಲ್ಲ ಆಗಿನವೇ. ಸರ್ಕಾರಿ ಕೆಲಸದಲ್ಲಿ ಹಿಂದುಳಿದವರಿಗೆ ಪಾಲು ಕೊಡುವ ವಿಚಾರದಲ್ಲಿ ಮಹಾರಾಜರ ಅಭಿಪ್ರಾಯವೇ ಬೇರೆ, ಇವರದೇ ಬೇರೆ. ಒಳಗೇ ಕುಳಿತು ತಡೆಯೊಡ್ಡದೆ 1918ರಲ್ಲಿ ಹುದ್ದೆ ಬಿಟ್ಟರು. ಈ ವಿಚಾರದಲ್ಲಿ ನಾನು ಮಹಾರಾಜರ ಕಡೆ. ಅಂದು ತೆರೆದ ದಾರಿಯಲ್ಲೇ ನಮ್ಮ ಮನೆಯ ಮೊದಲ ಸಂಬಳ ಬಂದದ್ದು. ಆದರೆ ಒಪ್ಪದ ಕೆಲಸಕ್ಕಾಗಿ ಕುರ್ಚಿ ಬಿಟ್ಟವರನ್ನು ನನ್ನ ಸರ್ವೀಸಿನಲ್ಲಿ ಒಬ್ಬರನ್ನೂ ಕಾಣಲಿಲ್ಲ, ನಾನೂ ಬಿಡಲಿಲ್ಲ. ಅವರು ಆಮೇಲೂ ಭದ್ರಾವತಿ ಕಾರ್ಖಾನೆಯ ಹೊಣೆ ಹೊತ್ತರು. 1962ರ ಏಪ್ರಿಲ್ 14ರಂದು ತೀರಿಕೊಂಡಾಗ ನೂರು ದಾಟಿತ್ತು.

ಮೊನ್ನೆ ಶಾಲೆಗೆ ಹೋಗಿದ್ದೆ. ಪಟ ಅಲ್ಲೇ ಇದೆ, ಗಾಜು ಒಡೆದಿದೆ. ಹೊಸ ಗಾಜು ಹಾಕಿಸುವ ಖರ್ಚು ನನ್ನದೆಂದು ಹೆಡ್ ಮಾಸ್ಟರಿಗೆ ಹೇಳಿ ಬಂದಿದ್ದೇನೆ.