ಎಡಗಾಲಲ್ಲಷ್ಟೇ ಆಡಿಸಿ ಏಷ್ಯಾ ಗೆದ್ದ ಮೇಷ್ಟ್ರು: ಹೈದರಾಬಾದ್‌ನ ಸೈಯದ್ ಅಬ್ದುಲ್ ರಹೀಂ ಯಾರು?

ಮಿಯಾಪುರ (ಹೈದರಾಬಾದ್): ಬೀದರ್ ಕಡೆಯಿಂದ ಬಸ್ಸಿನಲ್ಲಿ ಬಂದು ಮಿಯಾಪುರದಲ್ಲಿ ಇಳಿಯುವ ಕನ್ನಡಿಗರಿಗೆ ಇಲ್ಲಿಂದ ಎಲ್‌ಬಿ ನಗರಕ್ಕೆ ಹೋಗುವ ಮೆಟ್ರೊ ಚಿರಪರಿಚಿತ. ದಾರಿಯಲ್ಲಿ ಸಿಗುವ ಅಮೀರ್‌ಪೇಟೆಯಲ್ಲಿ ಕೋಚಿಂಗ್ ಎಂದರೆ ಸಾಫ್ಟ್‌ವೇರ್ ಮಾತ್ರ. ಅದೇ ಮಾರ್ಗದಲ್ಲಿ ಇನ್ನೂ ಮುಂದೆ, ಮೂಸಿ ನದಿಯ ಆಸುಪಾಸಿನ ಚಾದರ್‌ಘಾಟ್, ಕಾಚಿಗುಡದ ಶಾಲೆಗಳಲ್ಲಿ ಒಂದು ಕಾಲದಲ್ಲಿ ಪಾಠ ಮಾಡುತ್ತಿದ್ದ ಮೇಷ್ಟ್ರೊಬ್ಬರು ಭಾರತದ ಫುಟ್‌ಬಾಲ್‌ಗೆ ಎರಡು ಏಷ್ಯನ್ ಗೇಮ್ಸ್ ಚಿನ್ನ ತಂದುಕೊಟ್ಟರು. 2024ರಲ್ಲಿ ತೆರೆಕಂಡ ಅಜಯ್ ದೇವಗನ್ ಅಭಿನಯದ 'ಮೈದಾನ್' ಸಿನಿಮಾದಿಂದಾಗಿ ಅವರ ಹೆಸರು ಮತ್ತೆ ಕೇಳಿಬಂತು. ಆದರೆ ಆಟಗಾರರನ್ನು ಅವರು ತಯಾರು ಮಾಡುತ್ತಿದ್ದ ಬಗೆ ಸಿನಿಮಾಕ್ಕಿಂತಲೂ ಸ್ವಾರಸ್ಯಕರ.

ಸೈಯದ್ ಅಬ್ದುಲ್ ರಹೀಂ ಹುಟ್ಟಿದ್ದು 1909ರ ಆಗಸ್ಟ್ 17ರಂದು ಹೈದರಾಬಾದ್‌ನಲ್ಲಿ. ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿ ಶಿಕ್ಷಕರಾದರು, ನಂತರ ದೈಹಿಕ ಶಿಕ್ಷಣದಲ್ಲಿ ಡಿಪ್ಲೊಮಾ ಪಡೆದರು. 1940ರ ದಶಕದಲ್ಲಿ ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾದರು. ಸಿಟಿ ಪೊಲೀಸ್ ತಂಡದ ಕೋಚ್ ಹೊಣೆಯೂ ಅವರದಾಯಿತು. ಮುಂಬೈನ ಪ್ರತಿಷ್ಠಿತ ರೋವರ್ಸ್ ಕಪ್ ಅನ್ನು ಈ ತಂಡ 1950ರಿಂದ 1954ರವರೆಗೆ ಸತತ ಐದು ಬಾರಿ ಗೆದ್ದಿತು.

ಬರಿಗಾಲಿನ ಪಾಠ: 1951ರ ದೆಹಲಿ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ಮೇವಾಲಾಲ್ ಹೊಡೆದ ಗೋಲಿನಿಂದ ಇರಾನ್ ಸೋತಿತು, ರಹೀಂ ಅವರ ತಂಡಕ್ಕೆ ಚಿನ್ನ ಬಂತು. ಸಂಭ್ರಮ ಒಂದೇ ವರ್ಷದ್ದು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಾ ವಿರುದ್ಧ ಭಾರತ 1-10ರಿಂದ ಮಣ್ಣುಮುಕ್ಕಿತು. ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಅಹ್ಮದ್ ಖಾನ್. ನಮ್ಮವರಲ್ಲಿ ಬಹುತೇಕರು ಆಡಿದ್ದು ಬರಿಗಾಲಲ್ಲಿ. ಆ ಸೋಲಿನ ನಂತರವೇ ಫುಟ್‌ಬಾಲ್ ಫೆಡರೇಷನ್ ಬೂಟು ಕಡ್ಡಾಯ ಮಾಡಿತು.

ಬೂಟು ಹಾಕಿಸುವುದು ಸುಲಭದ ಕೆಲಸ, ಆಟ ಬದಲಿಸುವುದು ಕಷ್ಟ. ಬರಿಗಾಲಿನ ಆಟಗಾರನಿಗೆ ಚೆಂಡನ್ನು ಕಾಲಲ್ಲೇ ಇಟ್ಟುಕೊಂಡು ಒಬ್ಬೊಬ್ಬರನ್ನೇ ವಂಚಿಸಿ ಓಡುವುದೆಂದರೆ ಇಷ್ಟ. ಗ್ಯಾಲರಿಯಲ್ಲಿ ಅದಕ್ಕೇ ಶಿಳ್ಳೆ. ಆದರೆ ಅಷ್ಟರಲ್ಲಿ ಎದುರಾಳಿ ರಕ್ಷಣಾ ಪಡೆ ಸಜ್ಜಾಗಿಬಿಡುತ್ತದೆ. ರಹೀಂ ಇದಕ್ಕೆ ಉಪದೇಶದ ಬದಲು ಟೂರ್ನಿಗಳನ್ನೇ ಮದ್ದಾಗಿಸಿದರು. ಒಂದು ಟೂರ್ನಿಯಲ್ಲಿ ಡ್ರಿಬ್ಲಿಂಗ್ ನಿಷಿದ್ಧ. ಚೆಂಡು ಬಂದ ಕೂಡಲೇ ಪಾಸ್ ಮಾಡಲೇಬೇಕು. ಇನ್ನೊಂದರಲ್ಲಿ ದುರ್ಬಲ ಕಾಲಿನಿಂದ ಮಾತ್ರ ಆಟ. ಬಲಗಾಲಿನ ಶೂರನೂ ಅಲ್ಲಿ ಎಡಗಾಲಲ್ಲೇ ಒದೆಯಬೇಕು. ಕುಳ್ಳಗಿನ ಹುಡುಗರಿಗೆಂದೇ ಬೇರೆ ಟೂರ್ನಿಗಳಿದ್ದವು. ನಿಯಮವೇ ಕಲಿಸುವಾಗ ಮೇಷ್ಟ್ರು ಕೂಗಾಡುವ ಅಗತ್ಯವಿರಲಿಲ್ಲ.

ಹೆಚ್ಚುಕಡಿಮೆ ಅದೇ ಕಾಲಕ್ಕೆ ಅಮೆರಿಕದ ಬೇಸ್‌ಬಾಲ್‌ನಲ್ಲಿ ಬ್ರಾಂಚ್ ರಿಕಿ ಎಂಬ ವ್ಯವಸ್ಥಾಪಕ ಇಂಥದ್ದೇ ಹಾದಿಯಲ್ಲಿದ್ದರು. ಫ್ಲೋರಿಡಾದ ವೀರೊ ಬೀಚ್‌ನಲ್ಲಿ 1948ರಲ್ಲಿ ಶುರುವಾದ ಡಾಡ್ಜರ್ಸ್ ಶಿಬಿರದಲ್ಲಿ ದಾರ ಕಟ್ಟಿ ಚೌಕಟ್ಟು ಮಾಡಿ, ಅದರೊಳಗೇ ಚೆಂಡು ಹಾಯುವಂತೆ ಎಸೆಯಲು ಪಿಚರ್‌ಗಳಿಗೆ ಅಭ್ಯಾಸ ಮಾಡಿಸುತ್ತಿದ್ದರು. ರಿಕಿ ಬೆನ್ನಿಗೆ ಶ್ರೀಮಂತ ಕ್ಲಬ್ ಇತ್ತು. ರಹೀಂ ಬಳಿ ಇದ್ದದ್ದು ಬಡ ಹುಡುಗರು. ಸಿಕಂದರಾಬಾದ್ ಬಳಿಯ ಅಮ್ಮುಗುಡದ ತುಳಸೀದಾಸ್ ಬಲರಾಂ ಅವರಿಗೆ ಅಭ್ಯಾಸಕ್ಕೆ ಬರಲು ಕಾಸಿರಲಿಲ್ಲ. ಬಾಡಿಗೆ ಸೈಕಲ್‌ಗೆ ರಹೀಂ ಅವರೇ ಹಣ ಕೊಟ್ಟರು. ಅದೇ ಬಲರಾಂ 1956 ಮತ್ತು 1960ರ ಒಲಿಂಪಿಕ್ಸ್‌ನಲ್ಲಿ ಆಡಿದರು.

ಹೆಲ್ಸಿಂಕಿಯಲ್ಲಿ ಚಿನ್ನ ಗೆದ್ದ ಹಂಗೇರಿ ಮರುವರ್ಷ ವೆಂಬ್ಲಿಯಲ್ಲಿ ಇಂಗ್ಲೆಂಡನ್ನು 6-3ರಿಂದ ಕೆಡವಿತ್ತು. ಸೆಂಟರ್ ಫಾರ್ವರ್ಡ್ ಆಟಗಾರ ಮುಂದೆ ನಿಲ್ಲದೆ ಹಿಂದೆ ಸರಿದು, ತನ್ನನ್ನು ಕಾಯುವವನನ್ನು ಗೊಂದಲಕ್ಕೆ ಕೆಡವುವ ತಂತ್ರ ಅದು. ರಹೀಂ ಅದನ್ನು ಭಾರತ ತಂಡಕ್ಕೂ ಒಗ್ಗಿಸಿದರು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಆತಿಥೇಯ ಆಸ್ಟ್ರೇಲಿಯಾವನ್ನು ಭಾರತ 4-2ರಿಂದ ಸೋಲಿಸಿತು. ನೆವಿಲ್ ಡಿಸೋಜಾ ಹ್ಯಾಟ್ರಿಕ್ ಹೊಡೆದರು. ಸೆಮಿಫೈನಲ್‌ನಲ್ಲಿ ಅದೇ ಯುಗೊಸ್ಲಾವಿಯಾ ಎದುರಾಯಿತು. ಮೊದಲ ಗೋಲು ಭಾರತದ್ದೇ, ಕೊನೆಗೆ ಸೋಲು 1-4ರಿಂದ. ನಾಲ್ಕೇ ವರ್ಷದಲ್ಲಿ ಹತ್ತು ಗೋಲು ನಾಲ್ಕಕ್ಕೆ ಇಳಿದಿತ್ತು. ಬಲ್ಗೇರಿಯಾ ವಿರುದ್ಧವೂ ಸೋತ ತಂಡಕ್ಕೆ ನಾಲ್ಕನೇ ಸ್ಥಾನ ದಕ್ಕಿತು. ಬೆಂಗಳೂರಿನ ಕೆಂಪಯ್ಯ ಕೂಡ ಆ ತಂಡದಲ್ಲಿದ್ದರು. ಒಲಿಂಪಿಕ್ಸ್ ಫುಟ್‌ಬಾಲ್‌ನಲ್ಲಿ ಭಾರತ ಅದಕ್ಕಿಂತ ಮೇಲೆ ಏರಿದ್ದೇ ಇಲ್ಲ.

ಜಕಾರ್ತಾದ ಕೊನೆಯ ಪಣ: 1962ರ ಜಕಾರ್ತಾ ಏಷ್ಯನ್ ಗೇಮ್ಸ್ ಹೊತ್ತಿಗೆ ರಹೀಂ ಅವರ ಆರೋಗ್ಯ ಕೆಟ್ಟಿತ್ತು. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಾ ವಿರುದ್ಧ 0-2ರ ಸೋಲು. ಥಾಯ್ಲೆಂಡ್ ವಿರುದ್ಧ ಗೆದ್ದರೂ ಡಿಫೆಂಡರ್ ಜರ್ನೈಲ್ ಸಿಂಗ್ ತಲೆಗೆ ಪೆಟ್ಟಾಗಿ ಹೊಲಿಗೆ ಬಿತ್ತು. ಇಸ್ರೇಲ್, ತೈವಾನ್‌ಗಳನ್ನು ಕ್ರೀಡಾಕೂಟದಿಂದ ಹೊರಗಿಟ್ಟಿದ್ದನ್ನು ಭಾರತದ ಅಧಿಕಾರಿ ಜಿ.ಡಿ. ಸೋಂಧಿ ಪ್ರಶ್ನಿಸಿದ್ದರಿಂದ ಇಂಡೊನೇಷ್ಯಾದ ಜನ ನಮ್ಮ ತಂಡದ ಮೇಲೆ ಕೆರಳಿದ್ದರು.

ಗಾಯಾಳು ಜರ್ನೈಲ್ ಅವರನ್ನು ಬೇರೆ ಯಾವ ಕೋಚ್ ಆದರೂ ಬೆಂಚಿನಲ್ಲಿ ಕೂರಿಸುತ್ತಿದ್ದರೇನೋ. ರಹೀಂ ಅವರನ್ನು ಸೆಮಿಫೈನಲ್‌ನಿಂದ ಸೆಂಟರ್ ಫಾರ್ವರ್ಡ್ ಮಾಡಿದರು. ಸೆಪ್ಟೆಂಬರ್ 4ರ ಫೈನಲ್‌ನಲ್ಲಿ ಎದುರಿಗಿದ್ದದ್ದು ಅದೇ ದಕ್ಷಿಣ ಕೊರಿಯಾ. ಜ್ವರದಿಂದ ಎದ್ದ ಪೀಟರ್ ತಂಗರಾಜ್ ಗೋಲು ಕಾದರು. ಪಿ.ಕೆ. ಬ್ಯಾನರ್ಜಿ ಮೊದಲ ಗೋಲು ಹೊಡೆದರು. ಎರಡನೆಯದನ್ನು ಹೊಡೆದವರು ಜರ್ನೈಲ್. ಭಾರತಕ್ಕೆ 2-1ರ ಗೆಲುವು. ಏಷ್ಯನ್ ಗೇಮ್ಸ್ ಫುಟ್‌ಬಾಲ್‌ನಲ್ಲಿ ಭಾರತ ಗೆದ್ದ ಕೊನೆಯ ಚಿನ್ನ ಅದು.

ಒಂಬತ್ತು ತಿಂಗಳ ನಂತರ, 1963ರ ಜೂನ್ 11ರಂದು ಶ್ವಾಸಕೋಶದ ಕ್ಯಾನ್ಸರ್‌ನಿಂದ ರಹೀಂ ನಿಧನರಾದರು. ವಯಸ್ಸು 53.

ಅವರ ಮಗ ಎಸ್.ಎಸ್. ಹಕೀಂ ಕೂಡ ಆಟಗಾರ. 1960ರ ರೋಮ್ ಒಲಿಂಪಿಕ್ಸ್ ತಂಡದಲ್ಲಿದ್ದರೂ ಮೈದಾನಕ್ಕೆ ಇಳಿಯುವ ಅವಕಾಶ ಸಿಗಲಿಲ್ಲ, ಜಕಾರ್ತಾ ತಂಡದಲ್ಲಿ ಸ್ಥಾನವೇ ಸಿಗಲಿಲ್ಲ. ಎರಡೂ ತಂಡಗಳಿಗೆ ಕೋಚ್ ಅಪ್ಪನೇ. ಮುಂದೆ ವಾಯುಪಡೆ ಅಧಿಕಾರಿಯಾಗಿ, ಫಿಫಾ ರೆಫ್ರಿಯಾಗಿ, ಕೋಚ್ ಆಗಿ ದುಡಿದ ಹಕೀಂ 2017ರಲ್ಲಿ ಧ್ಯಾನ್‌ಚಂದ್ ಪ್ರಶಸ್ತಿ ಪಡೆದರು. 2021ರ ಆಗಸ್ಟ್‌ನಲ್ಲಿ ಅವರು ಕೊನೆಯುಸಿರೆಳೆದದ್ದು ನಮ್ಮ ಕಲಬುರಗಿಯಲ್ಲಿ.