ಮಿಂಚಿನ ಜಾಡಿನಿಂದ ವಿಮಾನದ ಜಾಡಿಗೆ

ಈ ಸಲ ನಮ್ಮ ವಿಭಾಗದ ಫೈನಲ್ ಇಯರ್ ಪ್ರಾಜೆಕ್ಟ್ ಪಟ್ಟಿಯಲ್ಲಿ ವೈಫೈ ಸಿಗ್ನಲ್‌ನಿಂದ ಕೋಣೆಯೊಳಗೆ ಓಡಾಡುವವರನ್ನು ಪತ್ತೆ ಹಚ್ಚೋದು ಅನ್ನೋ ವಿಷಯವೂ ಇದೆ. ರೂಟರ್ ತನ್ನ ಪಾಡಿಗೆ ತಾನು ಇಂಟರ್ನೆಟ್ ಕೊಡ್ತಾ ಇರುತ್ತೆ. ನಡುವೆ ಯಾರಾದರೂ ನಡೆದರೆ ಅವರ ಮೈಗೆ ತಾಗಿ ಚದುರಿದ ಅಲೆಗಳು ರಿಸೀವರಿನಲ್ಲಿ ಏರುಪೇರು ಮಾಡುತ್ತವೆ. ಆ ಏರುಪೇರನ್ನು ಓದಿದರೆ ಆಳು ಎಲ್ಲಿದ್ದಾನೆ, ಎತ್ತ ಹೋಗ್ತಿದ್ದಾನೆ ಅಂತ ಹೇಳಬಹುದು. ಇದು ನಿನ್ನೆ ಮೊನ್ನೆಯ ಐಡಿಯಾ ಅಂತಲೇ ನಾವು ಅಂದುಕೊಂಡಿದ್ದೆವು. ಮೂಲ ಹುಡುಕುತ್ತಾ ಹೋದವರು 1935ರ ಫೆಬ್ರವರಿ 26ರ ಬೆಳಿಗ್ಗೆ ಇಂಗ್ಲೆಂಡಿನ ಹೊಲವೊಂದರಲ್ಲಿ ನಿಂತಿದ್ದ ವ್ಯಾನಿನ ಹತ್ತಿರ ಬಂದು ನಿಂತೆವು. ಆ ವ್ಯಾನಿನಲ್ಲಿದ್ದವರಲ್ಲಿ ಒಬ್ಬರು ರಾಬರ್ಟ್ ವಾಟ್ಸನ್-ವಾಟ್.

1892ರ ಏಪ್ರಿಲ್ 13ರಂದು ಸ್ಕಾಟ್ಲೆಂಡಿನ ಬ್ರೀಕಿನ್ ಎಂಬ ಸಣ್ಣ ಊರಲ್ಲಿ, ಬಡಗಿಯೊಬ್ಬರ ಮನೆಯಲ್ಲಿ ಹುಟ್ಟಿದರು. ಉಗಿ ಎಂಜಿನ್ನಿನ ಜೇಮ್ಸ್ ವಾಟ್ ಅವರ ವಂಶದವರು ತಾವು ಅಂತ ಹೇಳಿಕೊಳ್ಳುತ್ತಿದ್ದರು. ಅದಕ್ಕೆ ಗಟ್ಟಿಯಾದ ಪುರಾವೆ ಏನೂ ಇಲ್ಲ. 1912ರಲ್ಲಿ ಡಂಡೀ ಊರಿನ ಕಾಲೇಜಿನಿಂದ ಎಂಜಿನಿಯರಿಂಗ್ ಪದವಿ ಪಡೆದರು. ಅಲ್ಲಿನ ಭೌತಶಾಸ್ತ್ರದ ಪ್ರೊಫೆಸರ್ ವಿಲಿಯಂ ಪೆಡ್ಡಿ ಈ ಹುಡುಗನಿಗೆ ವೈರ್‌ಲೆಸ್ ಹುಚ್ಚು ಹತ್ತಿಸಿದರು. ಒಬ್ಬ ಮೇಷ್ಟ್ರಿಂದ ಬದುಕಿನ ದಾರಿಯೇ ತಿರುಗೋದು ನಮಗೇನೂ ಹೊಸದಲ್ಲ ಬಿಡಿ.

ಮೊದಲ ಮಹಾಯುದ್ಧದ ಹೊತ್ತಿಗೆ ಅವರಿಗೆ ಸಿಕ್ಕಿದ್ದು ಹವಾಮಾನ ಇಲಾಖೆಯ ಕೆಲಸ. ಆಗಿನ ವಿಮಾನಗಳು ಮರ, ಬಟ್ಟೆಯವು. ಗುಡುಗು ಮಳೆಗೆ ಸಿಕ್ಕರೆ ಕತೆ ಮುಗಿದಂತೆ. ಮಿಂಚು ಹೊಡೆದಾಗ ಬೆಳಕಷ್ಟೇ ಅಲ್ಲ, ರೇಡಿಯೋ ಅಲೆಯೂ ಹೊರಡುತ್ತೆ. ರೇಡಿಯೋದಲ್ಲಿ ಕರಕರ ಅನ್ನೋದು ಅದೇ. ಆ ಕರಕರ ಯಾವ ದಿಕ್ಕಿನಿಂದ ಬಂತು ಅಂತ ಎರಡು ಕಡೆಯಿಂದ ಅಳೆದು, ಮ್ಯಾಪಿನ ಮೇಲೆ ಎರಡು ಗೆರೆ ಎಳೆದರೆ, ಗೆರೆಗಳು ಕೂಡುವಲ್ಲಿ ಮಳೆ ಇದೆ ಅಂತ ಅರ್ಥ. ತೊಂದರೆ ಏನೆಂದರೆ ಮಿಂಚು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಗುತ್ತೆ. ಆಂಟೆನಾ ತಿರುಗಿಸಿ ನೋಡಲು ಪುರುಸೊತ್ತೆಲ್ಲಿ? ಅದಕ್ಕೆ ಅವರು ಒಂದಕ್ಕೊಂದು ಅಡ್ಡವಾಗಿ ನಿಲ್ಲಿಸಿದ ಎರಡು ಆಂಟೆನಾಗಳ ಸಿಗ್ನಲನ್ನು ಆಸಿಲೋಸ್ಕೋಪಿನ ಎಕ್ಸ್ ಮತ್ತು ವೈ ಪ್ಲೇಟುಗಳಿಗೆ ಕೊಟ್ಟರು. ಪರದೆಯ ಮೇಲೆ ಮೂಡುವ ಗೆರೆಯ ಓರೆಯೇ ದಿಕ್ಕು. ಲ್ಯಾಬಿನಲ್ಲಿ ಲಿಸಾಜು ಚಿತ್ರ ಬರಿಸಿ ರೆಕಾರ್ಡಿಗೆ ಸಹಿ ಹಾಕಿಸಿಕೊಂಡು ಮರೆತುಬಿಟ್ಟ ನಮಗೆ ಇದನ್ನು ಓದಿದಾಗ ಸ್ವಲ್ಪ ನಾಚಿಕೆಯೇ ಆಯಿತು. ಇದೇ ಉಪಾಯ ಮುಂದೆ ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಜಲಾಂತರ್ಗಾಮಿಗಳ ಚುಟುಕು ರೇಡಿಯೋ ಸಂದೇಶ ಹಿಡಿದು ಅವುಗಳ ದಿಕ್ಕು ಹೇಳಿತು.

ಇನ್ನು 1935ಕ್ಕೆ ಬರೋಣ. ಶತ್ರು ವಿಮಾನದ ಪೈಲಟ್‌ನನ್ನು ರೇಡಿಯೋ ಅಲೆಯಿಂದಲೇ ಸುಟ್ಟುಹಾಕುವ ಸಾವಿನ ಕಿರಣ ಸಾಧ್ಯವೇ ಅಂತ ಬ್ರಿಟನ್ನಿನ ವಾಯು ಸಚಿವಾಲಯ ಅವರನ್ನು ಕೇಳಿತು. ಅವರು ತಮ್ಮ ಕಿರಿಯ ಸಹೋದ್ಯೋಗಿ ಆರ್ನಾಲ್ಡ್ ವಿಲ್ಕಿನ್ಸ್‌ಗೆ ಒಂದು ಲೆಕ್ಕ ಕೊಟ್ಟರು: 5 ಕಿಲೋಮೀಟರ್ ದೂರದಲ್ಲಿ, 1 ಕಿಲೋಮೀಟರ್ ಎತ್ತರದಲ್ಲಿರುವ 8 ಪೈಂಟ್ ನೀರನ್ನು 98 ಡಿಗ್ರಿ ಫ್ಯಾರನ್‌ಹೀಟಿನಿಂದ 105ಕ್ಕೆ ಏರಿಸಲು ಎಷ್ಟು ರೇಡಿಯೋ ಶಕ್ತಿ ಬೇಕು? ಆ ನೀರು ಮನುಷ್ಯನ ರಕ್ತ ಅಂತ ವಿಲ್ಕಿನ್ಸ್‌ಗೆ ಹೊಳೆಯಲು ತಡವಾಗಲಿಲ್ಲ. ಲೆಕ್ಕ ಹಾಕಿದರು, ಆಗುವ ಮಾತಲ್ಲ ಅಂತ ತೇಲಿತು. ಹಾಗಾದರೆ ಸಚಿವಾಲಯಕ್ಕೆ ಬೇರೆ ಏನು ಸಹಾಯ ಮಾಡಬಹುದು ಅಂತ ವಾಟ್ಸನ್-ವಾಟ್ ಕೇಳಿದಾಗ, ವಿಮಾನ ಹತ್ತಿರ ಹಾರಿದರೆ ರೇಡಿಯೋ ಸಂಪರ್ಕ ಅಲುಗಾಡುತ್ತದೆ ಎಂದು ಅಂಚೆ ಇಲಾಖೆಯ ಎಂಜಿನಿಯರುಗಳು ಗಮನಿಸಿದ್ದನ್ನು ವಿಲ್ಕಿನ್ಸ್ ನೆನಪಿಸಿದರು. ಸುಡೋದು ಬೇಡ, ಹುಡುಕೋದಾದರೆ ಆದೀತು.

ಕಾಗದದ ಲೆಕ್ಕ ನಂಬಿ ದುಡ್ಡು ಕೊಡಲು ವಾಯುಸೇನೆಯ ಹ್ಯೂ ಡೌಡಿಂಗ್ ಒಪ್ಪಲಿಲ್ಲ, ಮಾಡಿ ತೋರಿಸಿ ಅಂದರು. ಟ್ರಾನ್ಸ್‌ಮಿಟರ್ ಕಟ್ಟಲು ಸಮಯ ಎಲ್ಲಿದೆ? ಆದರೆ ಡ್ಯಾವೆಂಟ್ರಿಯಲ್ಲಿ ಬಿಬಿಸಿಯ ಶಾರ್ಟ್‌ವೇವ್ ಟ್ರಾನ್ಸ್‌ಮಿಟರ್ ಇತ್ತು, ತರಂಗಾಂತರ 49 ಮೀಟರ್. ಹೇಫೋರ್ಡ್ ಬಾಂಬರ್ ವಿಮಾನದ ರೆಕ್ಕೆಯ ಉದ್ದ ಸುಮಾರು 23 ಮೀಟರ್. ಹೆಚ್ಚುಕಮ್ಮಿ ಅರ್ಧ ತರಂಗಾಂತರ, ಅಂದರೆ ವಿಮಾನವೇ ಒಂದು ಹಾರುವ ಡೈಪೋಲ್! ವ್ಯಾನಿನ ಪಕ್ಕ ಎರಡು ಆಂಟೆನಾ ಹಾಕಿ, ನೇರವಾಗಿ ಬರುವ ಬಿಬಿಸಿ ಸಿಗ್ನಲ್ ಒಂದನ್ನೊಂದು ಕಳೆದುಕೊಳ್ಳುವಂತೆ ವಿಲ್ಕಿನ್ಸ್ ಫೇಸ್ ಹೊಂದಿಸಿಟ್ಟರು. ಪರದೆಯ ಮೇಲೆ ಹಸಿರು ಚುಕ್ಕಿ ಮಾತ್ರ. ವಿಮಾನ ಬಂತು, ಚುಕ್ಕಿ ಗೆರೆಯಾಗಿ ಉದ್ದವಾಯಿತು, ಕುಗ್ಗಿತು, ಮತ್ತೆ ಹಿಗ್ಗಿತು. ಸುಮಾರು 13 ಕಿಲೋಮೀಟರ್ ದೂರದವರೆಗೂ ಕಂಡಿತು. ಆ ಖುಷಿಯಲ್ಲಿ ವಾಟ್ಸನ್-ವಾಟ್ ಜೊತೆಗೆ ಕರೆತಂದಿದ್ದ ಹುಡುಗನನ್ನೇ ಮರೆತು ಕಾರು ಹೊರಡಿಸಿದರಂತೆ. ಬೇರೆ ಯಾವುದಕ್ಕೋ ಗಾಳಿಯಲ್ಲಿ ಹರಿದಾಡುತ್ತಿರುವ ಸಿಗ್ನಲ್ಲನ್ನೇ ಬಳಸಿಕೊಂಡು ಚಲಿಸುವ ವಸ್ತುವನ್ನು ಹಿಡಿಯೋದು; ನಮ್ಮ ಪ್ರಾಜೆಕ್ಟಿನವರು ರೂಟರ್ ಇಟ್ಟುಕೊಂಡು ಮಾಡ್ತಿರೋದೂ ಇದನ್ನೇ.

ಒಂದು ಮಾತು ಇಲ್ಲಿ ಹೇಳಲೇಬೇಕು. ರೇಡಿಯೋದಿಂದ ವಸ್ತು ಪತ್ತೆ ಮಾಡಿದವರಲ್ಲಿ ಇವರೇ ಮೊದಲಿಗರಲ್ಲ. ಜರ್ಮನಿಯ ಕ್ರಿಸ್ಟಿಯಾನ್ ಹ್ಯೂಲ್ಸ್‌ಮೇಯರ್ 1904ರಲ್ಲೇ ರೇಡಿಯೋ ಅಲೆಯಿಂದ ಹಡಗು ಪತ್ತೆ ಮಾಡಿ ತೋರಿಸಿದ್ದರು, ಕೊಳ್ಳುವವರು ಯಾರೂ ಬರಲಿಲ್ಲ. 1930ರ ದಶಕದಲ್ಲಿ ಜರ್ಮನಿ, ಅಮೆರಿಕಗಳಲ್ಲೂ ಕೆಲಸ ನಡೆದಿತ್ತು, ಜರ್ಮನ್ನರ ಯಂತ್ರ ಹಲವು ವಿಷಯದಲ್ಲಿ ಇವರದಕ್ಕಿಂತ ನಾಜೂಕಾಗಿಯೂ ಇತ್ತು. ಇವರ ಚೈನ್ ಹೋಮ್ ವ್ಯವಸ್ಥೆ ನೋಡಿದರೆ ಒರಟೋ ಒರಟು. 110 ಮೀಟರ್ ಎತ್ತರದ ಉಕ್ಕಿನ ಗೋಪುರಗಳು, ಸಮುದ್ರದ ಕಡೆ ಮಾತ್ರ ನೋಟ. ವಿಮಾನ ಕರಾವಳಿ ದಾಟಿ ಒಳಗೆ ಬಂದರೆ ಮತ್ತೆ ಬರಿಗಣ್ಣಿನ ಕಾವಲೇ ಗತಿ. ಆದರೆ 1939ರಲ್ಲಿ ಯುದ್ಧ ಶುರುವಾದಾಗ ಅದು ನಿಂತು ಕೆಲಸ ಮಾಡುತ್ತಿತ್ತು! ಅತ್ಯುತ್ತಮವಾದದ್ದು ಎಂದೂ ಬರುವುದಿಲ್ಲ, ಎರಡನೆಯದು ತಡವಾಗಿ ಬರುತ್ತೆ, ಸದ್ಯಕ್ಕೆ ಮೂರನೆಯದನ್ನು ಕೊಟ್ಟುಬಿಡಿ ಅನ್ನೋದು ಅವರ ಪಾಲಿಸಿ. ಗೋಪುರಗಳಿಂದ ಫೋನು, ಫೋನಿನಿಂದ ಮ್ಯಾಪಿನ ಮೇಜು, ಮೇಜಿನಿಂದ ಪೈಲಟ್‌ಗಳಿಗೆ ಆದೇಶ. 1940ರ ಬೇಸಿಗೆಯಲ್ಲಿ ಬ್ರಿಟನ್ನನ್ನು ಕಾಪಾಡಿದ್ದರಲ್ಲಿ ಈ ಇಡೀ ಸರಪಳಿಯ ಪಾಲು ದೊಡ್ಡದು ಅಂತ ನಮಗನ್ನಿಸುತ್ತೆ.

1942ರಲ್ಲಿ ಸರ್ ಪದವಿ ಬಂತು, ಹೆಸರಿನ ನಡುವಿನ ಅಡ್ಡಗೆರೆ ಸೇರಿದ್ದೂ ಆಗಲೇ. ಯುದ್ಧ ಮುಗಿದ ಮೇಲೆ ಆವಿಷ್ಕಾರಕ್ಕೆ ಹಣ ಕೊಡಿ ಅಂತ ಸರ್ಕಾರದ ಮುಂದೆ ವಾದ ಹೂಡಿ ಸುಮಾರು 50 ಸಾವಿರ ಪೌಂಡ್ ಪಡೆದರು. ಮಾತು ಜಾಸ್ತಿ, ಹೆಸರಿನ ಆಸೆಯೂ ಇತ್ತು. ರೇಡಾರಿನ ಪಿತಾಮಹ ಅಂತ ಲೋಕ ಇವರನ್ನು ಕರೆಯಿತು. ಲೆಕ್ಕ ಹಾಕಿದ, ಹಿಂದಿನ ದಿನವೇ ಹೊಲಕ್ಕೆ ಹೋಗಿ ಆಂಟೆನಾ ಕಟ್ಟಿದ ವಿಲ್ಕಿನ್ಸ್ ಹೆಸರು ಎಷ್ಟು ಜನಕ್ಕೆ ಗೊತ್ತು? ನಾಲ್ಕು ಜನರ ಟೀಮಿನಲ್ಲಿ ಸರ್ಕ್ಯೂಟ್ ಮಾಡಿದವನು ಹಿಂದೆ ನಿಂತು, ಪ್ರೆಸೆಂಟೇಶನ್ ಕೊಟ್ಟವನಿಗೆ ಚಪ್ಪಾಳೆ ಬೀಳೋದನ್ನು ನಾವೂ ನೋಡಿದ್ದೀವಲ್ಲ. ಆದರೆ ದುಡ್ಡು, ಜನ, ಗೋಪುರ ಎಲ್ಲವನ್ನೂ ನಾಲ್ಕೇ ವರ್ಷದಲ್ಲಿ ಒಟ್ಟು ಹಾಕಿದ್ದು ವಾಟ್ಸನ್-ವಾಟ್ ಅವರ ಬಾಯಿಯೇ ಅನ್ನೋದೂ ಸುಳ್ಳಲ್ಲ.

1950ರ ದಶಕದಲ್ಲಿ ಅವರು ಕೆನಡಾಕ್ಕೆ ಹೋದರು. ಅಲ್ಲಿ ಒಮ್ಮೆ ಕಾರನ್ನು ಜೋರಾಗಿ ಓಡಿಸಿ ಪೊಲೀಸರ ಕೈಗೆ ಸಿಕ್ಕಿಬಿದ್ದರು, ಹಿಡಿದುಕೊಟ್ಟದ್ದು ರೇಡಾರ್. ದಂಡ ಕಟ್ಟಿದರು, ತಮ್ಮನ್ನೇ ಗೇಲಿ ಮಾಡಿಕೊಂಡು ಒಂದು ಪದ್ಯವನ್ನೂ ಬರೆದರು.

1966ರಲ್ಲಿ, ಎಪ್ಪತ್ತು ದಾಟಿದ ಮೇಲೆ, ಕ್ಯಾಥರೀನ್ ಟ್ರೆಫ್ಯೂಸಿಸ್ ಫೋರ್ಬ್ಸ್ ಅವರನ್ನು ಮದುವೆಯಾದರು. ಯುದ್ಧಕಾಲದ ಮಹಿಳಾ ವಾಯುಪಡೆಯ ಮೊದಲ ಮುಖ್ಯಸ್ಥೆ ಆಕೆ. ಚೈನ್ ಹೋಮ್ ಪರದೆಗಳ ಮುಂದೆ ಹಗಲು ರಾತ್ರಿ ಕೂತು ಹಸಿರು ಗೆರೆ ಓದಿದ ಹುಡುಗಿಯರು ಆ ಪಡೆಯವರೇ. ಆಕೆ 1971ರಲ್ಲಿ ತೀರಿಕೊಂಡರು, ಇವರು 1973ರ ಡಿಸೆಂಬರ್ 5ರಂದು. ಸ್ಕಾಟ್ಲೆಂಡಿನ ಪಿಟ್ಲಾಕ್ರಿಯ ಚರ್ಚಿನ ಅಂಗಳದಲ್ಲಿ ಇಬ್ಬರ ಸಮಾಧಿಯೂ ಒಂದೇ ಕಡೆ ಇದೆ.